ಮುಳ್ಳಿಲ್ಲದ ವಾಚು

ಮಗಳ ಮದುವೆಗೆ ಇನ್ನು ಎರಡು ತಿಂಗಳಿದೆ ಎನ್ನುವಾಗ, 2013ರ ಮಾರ್ಚಿನ ಒಂದು ಮಧ್ಯಾಹ್ನ, ಕಮಲ ಬಂಗಡೆ ಮೀನಿನ ಸಾರಿಗೆ ಅನ್ನ ಕಲಸುತ್ತ ತಮ್ಮನ ಕಡೆ ತಿರುಗಿದಳು.

"ರವೀ, ನಿಖಿತಾಳ ಗಂಡಿಗೆ ವಾಚ್ ಕಟ್ಟುದ್ ನೀನೇ ಅಲ್ದಾ? ಸೋದರಮಾವ ಅಂದ್ಮೇಲೆ ಅದ್ ನಿಂದೇ."

"ಹ್ಞಾಂ ಅಕ್ಕ, ಕಟ್ವ. ಎರಡ್ ಸಾವ್ರಕ್ಕೆ ಒಳ್ಳೇದೇ ಸಿಕ್ಕತ್ತ್" ಎಂದ ರವಿರಾಜ್.

"ಎರಡ್ ಸಾವ್ರ ಅಂಬ್ರ್! ಗಂಡ್ ಬೊಂಬಾಯಂಗೆ ಹೋಟ್ಲ್ ನಡ್ಸುದ್ ಮಾರಾಯ. ಅವ್ನಿಗೆ ಮುಳ್ಳಿಲ್ದಿದ್ ವಾಚೇ ಆಯ್ಕಂಬ್ರ್. ಯಾರೋ ಗಿರಾಕಿ ಕೈಯಂಗೆ ಕಂಡಿದ್ನಂಬ್ರ್. ದೊಡ್ಡ್ ಮುಳ್ಳೂ ಇಲ್ಲ, ಸಣ್ಣ್ ಮುಳ್ಳೂ ಇಲ್ಲ. ಎರಡ್ ಸಣ್ಣ್ ಕಿಟಕಿ. ಒಂದ್ರಂಗೆ ಗಂಟೆ, ಇನ್ನೊಂದ್ರಂಗೆ ನಿಮಿಷ. ಅಂಕಿ ತನ್ನಷ್ಟಕ್ಕೆ ತಿರ್ಗತ್ತ್. ಇಪ್ಪತ್ತ್ ಸಾವ್ರ ಆತ್ತ್ ಕಾಣ್."

ರವಿರಾಜನ ಕೈ ತುತ್ತಿನ ಜತೆಗೇ ನಿಂತಿತು. ತಲ್ಲೂರು ಪೇಟೆಯಲ್ಲಿ ಅವನದೊಂದು ಗೊಬ್ಬರದ ಅಂಗಡಿ. ಇಪ್ಪತ್ತು ಸಾವಿರದ ವಾಚು ಎಂದರೆ ಆ ಅಂಗಡಿಗೆ ಆರು ತಿಂಗಳ ಉಸಿರು. ಆದರೆ ಅಕ್ಕನ ಎದುರು 'ಆಗದು' ಎಂಬ ಮಾತು ಅವನ ಬಾಯಿಯಿಂದ ಇಂದಿನವರೆಗೆ ಹೊರಟದ್ದಿಲ್ಲ. ತಾಯಿಯಿಂದ ಮಗಳಿಗೆ ಮನೆ ಬರುವ ಕುಲ ಅವರದು. ಮನೆ ಕಮಲಳದ್ದು, ಬೀಗದ ಕೈಗೊಂಚಲು ಕಮಲಳ ಸೊಂಟದ್ದು. ರವಿರಾಜ್, ಹೆಂಡತಿ ವಿನಯಾ, ಹದಿನಾಲ್ಕು ವರ್ಷದ ಮಗಳು ರಮಿತಾ, ಮೂವರೂ ಆ ಮನೆಯಲ್ಲಿ ಉಂಡುಟ್ಟುಕೊಂಡಿದ್ದವರು, ಅಷ್ಟೆ.

ಸಾರಿನ ಪಾತ್ರೆ ಹಿಡಿದು ನಿಂತಿದ್ದ ವಿನಯಾ ಮೆಲ್ಲನೆ ಕೇಳಿದಳು. "ಮುಳ್ಳಿಲ್ದಿದ್ದಾ ಅತ್ಗೀ? ಸಮ ಗೊತ್ತಿತ್ತಾ ನಿಮ್ಗೆ?"

"ಗೊತ್ತಿಲ್ದೆ ಹೇಳ್ತ್ನಾ? ನಿಂಗೆ ಅದೆಲ್ಲ ಕಂಡ್ ಗೊತ್ತಿರುದಿಲ್ಲ ಬಿಡ್."

ಹೀಗೆಂದವಳು ಕಮಲ, ಅದೂ ವಿನಯಾಳಿಗೆ! ವಿನಯಾ ಸಾರು ಬಡಿಸಿದಳು.

"ವಾಚ್ ನಾನ್ ತತ್ತೆ" ಎಂದಳು. "ಅವ್ರಿಗೆ ಅಂಗ್ಡಿ ಬಿಟ್ ತಿರ್ಗೂಕ್ ಆತಿಲ್ಲ. ನಾನ್ ಹುಡ್ಕಿ ತತ್ತೆ."

ಏನಾಗಿತ್ತು ಎಂದು ಹೇಳಿಬಿಡಬೇಕು. 1997ರಲ್ಲಿ ಕೋಟದ ಹಾಲ್‌ನಲ್ಲಿ ವಿನಯಾಳ ಮದುವೆ. ಅವಳ ಅಪ್ಪ ಸೂರ ಬೈಂದೂರು-ಕುಂದಾಪುರ ಲೈನಿನ ಖಾಸಗಿ ಬಸ್ಸಿನ ಕಂಡಕ್ಟರ್. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಬಂದು ಅಂಗಿ ಹಿಡಿಯುವ ಲೈನು ಅದು. ಗಂಟೆ-ನಿಮಿಷದಲ್ಲೇ ಅನ್ನ ದುಡಿದ ಮನುಷ್ಯ. ದೊಡ್ಡ ಮನೆಯ ಅಳಿಯನ ಕೈಗೆ ಚಿನ್ನದ ಬಣ್ಣದ ವಾಚು ಕಟ್ಟುವ ತಾಕತ್ತು ಅವನಿಗಿರಲಿಲ್ಲ. "ದುಬಾರಿದ್ ಕೊಡೂಕ್ ಆತಿಲ್ಲ ಮಗಾ, ಯಾರತ್ರೂ ಇಲ್ದಿದ್ ಕೊಡ್ವ" ಎಂದು ಆರು ತಿಂಗಳು ಹುಡುಕಿ, ಬೈಂದೂರಿನ ವಾಚು ರಿಪೇರಿಯ ಕಿಟ್ಟನಲ್ಲಿ ಒಂದನ್ನು ಕಂಡುಹಿಡಿದ. ಮುಳ್ಳಿಲ್ಲದ್ದು, ಎರಡು ಕಿಟಕಿಯದ್ದು. ಮನೆಗೆ ತಂದ ದಿನ ಓರಗೆಯವರನ್ನೆಲ್ಲ ಕರೆದು ತೋರಿಸಿದ್ದೇ ತೋರಿಸಿದ್ದು. ಆಮೇಲೆ, ಹೊಸ ಸೆಲ್ಲು ಅಳಿಯನಿಗೇ ಪೂರ್ತಿ ಸಿಗಲಿ ಎಂದು ಬದಿಯ ತಿರುಪು ಎಳೆದು ವಾಚು ನಿಲ್ಲಿಸಿಟ್ಟ. ಮದುವೆಯ ಗಡಿಬಿಡಿಯಲ್ಲಿ ಅದನ್ನು ಒತ್ತಲು ಮರೆತ.

ಧಾರೆಯ ಹೊತ್ತಿಗೆ ಪುರೋಹಿತರು ಗಂಟೆ ಕೇಳಿದರು. "ತಮ್ಮಾ, ಹೊಸ ವಾಚ್ ಕಂಡ್ ಹೇಳ್" ಎಂದಳು ಕಮಲ. ರವಿರಾಜ್ ಪಾಪದವನಂತೆ ಕಿಟಕಿ ನೋಡಿ "ಎಂಟೂ ಹತ್ತ್" ಎಂದ. ಆಗ ಹನ್ನೊಂದೂ ನಲವತ್ತು. ಇಡೀ ಹಾಲ್ ನಕ್ಕಿತು. ಕಮಲ ಎದ್ದು ಬಂದು ತಮ್ಮನ ಕೈ ಹಿಡಿದು, "ಮುಳ್ಳೂ ಇಲ್ಲ, ಓಡುದೂ ಇಲ್ಲ. ಬಸ್ಸಿನವ್ರ್ ವಾಚಲ್ದಾ, ಸ್ಟಾಪ್ ಬಂದಲ್ಲೆಲ್ಲ ನಿಲ್ಲತ್ತ್!" ಎಂದು ಬಿಚ್ಚಿದಳು. ಗಂಡ ಪ್ರೇಮಾನಂದ ದುಬೈಯಿಂದ ತಂದಿದ್ದ ಹೊಳೆಯುವ ವಾಚನ್ನು ಅಲ್ಲೇ ಕಟ್ಟಿದಳು. ಬಿಚ್ಚಿದ್ದನ್ನು, ಅಳುತ್ತಿದ್ದ ಐದು ವರ್ಷದ ನಿಖಿತಾಳಿಗೆ ಆಡಲು ಕೊಟ್ಟಳು. ಸಂಜೆಯೊಳಗೆ ಅದು ಎಂಜಲೆಲೆಯ ರಾಶಿಯಲ್ಲಿ ಎಲ್ಲೋ ಹೋಯಿತು. ಸೂರನೂ ಎಲ್ಲರ ಜತೆ ನಕ್ಕ. ಅಪ್ಪ ನಕ್ಕದ್ದೇ ವಿನಯಾಳ ಎದೆಯಲ್ಲಿ ಕಚ್ಚಿಕೊಂಡು ಕೂತದ್ದು. ಅತ್ತಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅವನು ಸತ್ತೇ ಏಳು ವರ್ಷವಾಯಿತು, ಉರಿ ಆರಿರಲಿಲ್ಲ.

ಮಾರನೆಯ ವಾರದಿಂದ ಮದುವೆಯ ಕಾಗದ ಹಂಚುವ ನೆವದಲ್ಲಿ ವಿನಯಾ ಅಂಗಡಿ ಸುತ್ತಿದಳು. ಕುಂದಾಪುರದ ದೊಡ್ಡ ಅಂಗಡಿಯವನು ಚಂದದ ಪುಸ್ತಕ ಬಿಡಿಸಿ ಹದಿನೆಂಟೂವರೆ ಸಾವಿರದ್ದೊಂದು ತೋರಿಸಿದ. ಮುಟ್ಟಿ ನೋಡಲು ಅದೂ ಇಲ್ಲ, ತರಿಸಬೇಕು. ಇನ್ನೊಬ್ಬ, ಮಕ್ಕಳು ಕಟ್ಟುವ ಪ್ಲಾಸ್ಟಿಕ್ಕಿನದನ್ನು ಮುಂದಿಟ್ಟು "ಇದ್ರಂಗೂ ಮುಳ್ಳಿಲ್ಲ ಅಕ್ಕ" ಎಂದ. ಬ್ರಹ್ಮಾವರದಲ್ಲಿ ಮೂರು ಅಂಗಡಿ ಹತ್ತಿ ಇಳಿದಾಯಿತು. ಒಬ್ಬ ಕೆಂಪು ದೀಪ ಮಿಣುಕುವ ವಾಚು ತೋರಿಸಿದ. ಎಷ್ಟು ದೀಪಕ್ಕೆ ಎಷ್ಟು ಗಂಟೆ ಎಂದು ಮಾರುವವನಿಗೇ ಗೊತ್ತಿರಲಿಲ್ಲ. ಎಲ್ಲರೂ ಕಡೆಗೆ ಕೇಳಿದ್ದು ಒಂದೇ, ಮುಳ್ಳಿದ್ದರೆ ಏನಾಗುತ್ತದೆ ಎಂದು. ಬಸ್ಸಿಳಿದು ಮನೆಗೆ ಬಂದರೆ ಕಮಲ, "ಸಿಕ್ತಾ? ಸಿಕ್ಕುದಿಲ್ಲ. ನಿಂಗೆಲ್ಲ ಅಂಥಾದ್ ಯಾರ್ ತೋರಿಸ್ತ್ರ್?" ಎಂದು ಕಾಯಿ ತುರಿಯಲು ಹೇಳುತ್ತಿದ್ದಳು. ವಿನಯಾ ಬೆಳಗಿಂದ ಉಣ್ಣದ ಹೊಟ್ಟೆಯಲ್ಲೇ ಎರಡು ಕಾಯಿ ತುರಿಯುತ್ತಿದ್ದಳು.

ಕೊನೆಗೆ ಬೈಂದೂರಿಗೆ ಹೋದಳು. ಮೊದಲೇ ಹೋಗಬಹುದಿತ್ತು, ಹೋಗಲು ಮನಸ್ಸಾಗಿರಲಿಲ್ಲ. ಕಿಟ್ಟನಿಗೆ ಈಗ ಎಪ್ಪತ್ತು ದಾಟಿದೆ. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ಅವಳನ್ನು ದಿಟ್ಟಿಸಿದ.

"ಹ್ವಾಯ್, ನೀ ಸೂರಣ್ಣನ ಮಗ್ಳಲ್ದಾ?"

"ಹೌದ್ ಕಿಟ್ಟಣ್ಣ. ಅಪ್ಪಯ್ಯ ನನ್ನ ಮದಿಗೆ ತಕಂಡ್ ಹೋದ್ ನಮೂನಿ ವಾಚ್ ಇತ್ತಾ?"

"ಅದ್ ಬಂದಿದ್ದೇ ಎರಡ್. ಒಂದ್ ನಿಮ್ಮಪ್ಪಯ್ಯ ಕೊಂಡ್ಹೋದ್ರ್. ಇನ್ನೊಂದ್ ಯಾರಿಗೂ ಬೇಡ. ತಡಿ ಕಾಂಬ." ಅವನು ತಗಡಿನ ಡಬ್ಬಿಯೊಂದನ್ನು ಸುರಿದು, ಹಳೆಯ ಪಟ್ಟಿಗಳ ಅಡಿಯಿಂದ ಅದನ್ನು ಎತ್ತಿದ. ಒರೆಸಿ ಹೊಸ ಸೆಲ್ಲು ಹಾಕಿದ. ಕಿಟಕಿಯಲ್ಲಿ ಅಂಕಿ ತಟಕ್ಕನೆ ತಿರುಗಿತು. "ನಿನ್ನ ಗಂಡ ಈಗ್ಳೂ ಕಟ್ಕಂತ್ರಾ ಅದನ್ನ?"

ವಿನಯಾ ಬಾಯಿ ತೆರೆಯುವ ಮೊದಲೇ ಅವನೇ ಮುಂದುವರಿಸಿದ. "ನಿಮ್ಮಪ್ಪಯ್ಯಂಗೆ ಎಷ್ಟ್ ಖುಷಿ ಅಂಬೆ! ‘ಅಳಿಯ ಮೀವ ಹೊತ್ತಿಗೆ ಮಾತ್ರ ತೆಗೂದ್ ಕಿಟ್ಟ, ಮತ್ತೆ ಕೈ ಬಿಡುದಿಲ್ಲ’ ಅಂಬ್ರ್. ವರ್ಷಕ್ಕೊಂದ್ ಸೆಲ್ ಅಳಿಯಂಗೆ ಅಂದ್ಕಂಡ್ ತಕಂಡ್ ಹೋತಿದ್ರ್. ಒಂದ್ ವರ್ಷ ತಪ್ಸಿದ್ದಿಲ್ಲ."

ಅಪ್ಪ ಸತ್ತಾಗ ಟ್ರಂಕಿನಲ್ಲಿ, ಬಸ್ ಟಿಕೆಟಿನ ಕಾಗದದಲ್ಲಿ ಸುತ್ತಿಟ್ಟ ಒಂಬತ್ತು ಗುಂಡಿಯಂಥ ಸೆಲ್ಲು ಸಿಕ್ಕಿದ್ದವು. ಯಾವುದಕ್ಕೆಂದು ಯಾರಿಗೂ ತಿಳಿದಿರಲಿಲ್ಲ. ವಿನಯಾ ಕಿಟ್ಟನ ಸ್ಟೂಲಿನ ಮೇಲೆ ಕೂತುಬಿಟ್ಟಳು. ಇಲ್ಲದ ವಾಚಿಗೆ ಒಂಬತ್ತು ವರ್ಷ ಸೆಲ್ಲು ಕೊಂಡ ಅಪ್ಪ! ಮಗಳ ಮದುವೆಯಲ್ಲಿ ತನ್ನ ಮರ್ಯಾದೆ ಹೋದದ್ದನ್ನು ಬೈಂದೂರು ಪೇಟೆಗೆ ಗೊತ್ತಾಗದಂತೆ ಮುಚ್ಚಲು ಅಷ್ಟು ಪಾಡು ಪಟ್ಟ ಅಪ್ಪ! ಅವಳಿಗೆ ಅಳು ಬರಲಿಲ್ಲ. ಕಮಲಳ ಕತ್ತು ಹಿಸುಕಬೇಕು ಎನ್ನಿಸಿತು, ಹಾಗೇ, ಎರಡೂ ಕೈಯಲ್ಲಿ.

"ಎಷ್ಟ್ ಕೊಡ್ಕ್?"

"ನಿಂಗೆ ಅಪ್ಪಯ್ಯಂಗೆ ಕೊಟ್ಟ್ ರೇಟೇ. ನಾನೂರೈವತ್ತ್."

"ಒಂದ್ ಚೀಟಿ ಬರ್ದ್ ಕೊಡಿ."

"ಇದಕ್ಕೆಂತ ಚೀಟಿ ಮಾರಾಯ್ತಿ?"

"ಬೇಕ್. ಸಮಾ ಬರೀನಿ. ಮುಳ್ಳಿಲ್ದಿದ್ ವಾಚ್, ನಾನೂರೈವತ್ತ್ ರೂಪಾಯಿ, ತಾರೀಕ್ ಸಮೇತ."

ಮನೆಗೆ ತಂದು ಮೊದಲು ಗಂಡನಿಗೆ ತೋರಿಸಿದಳು. ರವಿರಾಜನಿಗೆ ಗುರುತು ಸಿಕ್ಕಿತು. ಮುಖ ಕಪ್ಪಿಟ್ಟಿತು.

"ಚಂದ ಇತ್ತ್" ಎಂದ.

"ಅಷ್ಟೇಯಾ? ಬೇರೆ ಎಂತಾರೂ ಹೇಳೂಕಿತ್ತಾ?"

"ಎಂತ ಹೇಳುದ್?" ಎಂದು ಅಂಗಿ ಹಾಕಿಕೊಂಡು ಅಂಗಡಿಗೆ ನಡೆದ. ಹದಿನಾರು ವರ್ಷದಿಂದ ಅವನ ಉತ್ತರ ಅದೇ. ವಿನಯಾಳ ಕೋಪದಲ್ಲಿ ಅರ್ಧ ಪಾಲು ಅವನಿಗೂ ಮೀಸಲಿತ್ತು.

ಕಮಲ ಮಾತ್ರ ವಾಚನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದಳು. "ಅಬ್ಬಬ್ಬಾ! ಕಂಡ್ರೇ ಗೊತ್ತಾತ್ತ್ ಕಾಣ್, ಫಾರಿನ್ದ್. ಇಪ್ಪತ್ತ್ ಸಾವ್ರ ಆಯ್ತಾ?"

"ನೀವ್ ಹೇಳಿದ್ದೇ ರೇಟ್ ಅಂದ್ಕಣಿ ಅತ್ಗೀ."

ಕಮಲಳಿಗೆ ಹಳೆಯದರ ನೆನಪೇ ಇರಲಿಲ್ಲ. ಒಬ್ಬ ಮನುಷ್ಯನನ್ನು ಮುನ್ನೂರು ಜನರ ಎದುರು ಮಣ್ಣು ಮಾಡಿದವಳಿಗೆ ಅದೊಂದು ನೆನಪಿಡುವ ಸಂಗತಿಯೂ ಆಗಿರಲಿಲ್ಲ. ಇದನ್ನು ಕಂಡ ಮೇಲೆ ವಿನಯಾಳಿಗೆ ಉಳಿದಿದ್ದ ಚೂರುಪಾರು ಅಳುಕೂ ಹೋಯಿತು.

ಮೇ ತಿಂಗಳಲ್ಲಿ ಮದುವೆಯಾಯಿತು. ರವಿರಾಜ್ ಮದುಮಗ ನಿತೇಶನ ಕೈಗೆ ವಾಚು ಕಟ್ಟಿದ. ಕಮಲ ಬಂದವರನ್ನೆಲ್ಲ ಕರೆದು ಅಳಿಯನ ಕೈ ಎತ್ತಿ ತೋರಿಸಿದಳು. "ನನ್ನ ತಮ್ಮ ಹಾಕಿದ್ದ್. ಇಪ್ಪತ್ತ್ ಸಾವ್ರ. ಮುಳ್ಳೇ ಇಲ್ಲ ಕಾಣಿ!" ಊಟದ ಪಂಕ್ತಿಯಲ್ಲೂ ಅದೇ, ಬೀಳ್ಕೊಡುವಾಗಲೂ ಅದೇ.

ವಿಷಯ ಪೂರ್ತಿ ಗೊತ್ತಿದ್ದ ರಮಿತಾ ತಾಯಿಯ ಸೆರಗು ಜಗ್ಗಿದಳು. "ಅಮ್ಮಾ, ಈಗ್ಳೇ ಹೇಳ್. ಎಲ್ಲ ಇದ್ರ್."

"ಈ ವಾಲಗದ ಎಡೆಯಂಗೆ ಹೇಳಿರೆ ಯಾರಿಗ್ ಕೇಂತ್? ಆಸಾಡಿ ಬರ್ಲಿ. ಎಲ್ಲ ಬಾಯ್ ಮುಚ್ಚಿ ಕೂಕಂಡ್ ಉಂಬತಿಗೆ ಹೇಳ್ವ."

ಆಸಾಡಿ ತಿಂಗಳಲ್ಲಿ ಹೊಸ ಅಳಿಯನನ್ನು ಕರೆದು ಔತಣ ಹಾಕುವುದು ಆ ಕಡೆಯ ಕ್ರಮ. ಬೀಗರೂ ಬರುತ್ತಾರೆ. ಅದಕ್ಕಿನ್ನು ಮೂರು ವಾರವಿದೆ ಎನ್ನುವಾಗ ವಿನಯಾ ಕಿಟ್ಟನ ಚೀಟಿಯನ್ನು ತಂದು, ಹಲಸಿನ ಬೀಜ ಸುಲಿಯುತ್ತಿದ್ದ ಕಮಲಳ ಮುಂದೆ ಇಟ್ಟಳು.

"ಎಂತ ಇದ್?"

"ಓದಿ ಅತ್ಗೀ."

ಕಮಲ ಓದಿದಳು. ಇನ್ನೊಮ್ಮೆ ಓದಿದಳು. "ನಾನೂರೈವತ್ತಾ! ನಮ್ಮ ಮರ್ವಾದಿ ತೆಗೂಕ್ ಹೊರ್ಟದ್ದಾ ನೀನ್? ಅಳಿಯಂಗೆ ಗೊತ್ತಾರೆ? ಅವ್ನ ಅಮ್ಮಂಗೆ ಗೊತ್ತಾರೆ?"

"ನನ್ನ ಅಪ್ಪಯ್ಯ ತಂದಿದ್ದ್ ಇದೇ ವಾಚ್. ಇದೇ ಅಂಗ್ಡಿ. ಇದೇ ರೇಟ್. ಬಸ್ಸಿನವ್ರ್ ವಾಚ್ ಅಂದ್ಕಂಡ್ ಕೋಟದ ಹಾಲಂಗೆ ಬಿಚ್ಚಿದ್ದ್ ಯಾರ್? ನೆನಪ್ ಮಾಡ್ಕಣಿ."

ಕಮಲಳ ಬೆರಳಿನಿಂದ ಬೀಜ ಜಾರಿತು. ನೆನಪು ಬರಲು ಸ್ವಲ್ಪ ಹೊತ್ತೇ ಹಿಡಿಯಿತು. ಬಂದ ಮೇಲೆ ಸ್ವರ ಇಳಿಯಿತು. "ಅದ್ ತಮಾಷಿಗ್ ಹೇಳಿದ್ದಲ್ದಾ. ಯಾವ್ ಕಾಲದ್ದ್. ನಿಂಗೆ ಈಗ ಎಂತ ಬೇಕ್?"

"ಆಸಾಡಿ ಊಟದಂಗೆ, ಅಳಿಯ ಬೀಗ್ರ್ ಎಲ್ಲ ಕೇಂಬ ಹಾಂಗೆ, ಆ ದಿನ ಮಾಡಿದ್ದ್ ಹೇಳ್ಕ್. ತಪ್ಪಾಯ್ತ್ ಅಂದ್ಕಂಡ್ ಹೇಳ್ಕ್. ಹೇಳಿರೆ ಈ ಚೀಟಿ ಒಲಿಗ್ ಹಾಕ್ತೆ. ಇಲ್ದಿರೆ ಬೀಗ್ತಿ ಕೈಗ್ ಕೊಡ್ತೆ."

"ಹೇಳ್ತೆ ಮಾರಾಯ್ತಿ, ಹೇಳ್ತೆ. ನೀ ಬಾಯ್ ಬಿಡ್ಬೇಡ ಅಷ್ಟೆ."

ಆ ಮೂರು ವಾರ ವಿನಯಾ ಸುಖಪಟ್ಟಳು. ಸುಳ್ಳೇಕೆ ಹೇಳಬೇಕು, ಚೆನ್ನಾಗಿಯೇ ಸುಖಪಟ್ಟಳು. ಬೆಳಗಿನ ಕಾಫಿಗೆ ಕಮಲ ತಾನೇ ಹಾಲು ಹೆಚ್ಚು ಹಾಕಿ ತಂದುಕೊಟ್ಟಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂದು "ನೀ ಬಿಡ್, ನಾನ್ ಹಿಂಡ್ತೆ" ಎಂದಳು. ಮೀನಿನ ತಲೆ ತಿಂದೇ ಬೆಳೆದ ರಮಿತಾಳ ತಟ್ಟೆಗೆ ನಡುವಿನ ತುಂಡು ಬೀಳತೊಡಗಿತು.

"ಅಮ್ಮಾ, ಅತ್ತೆಗೆ ಎಂತ ಆಯ್ತ್?" ಎಂದು ರಮಿತಾ ಕಿಸಿಕಿಸಿ ನಕ್ಕಳು.

"ತಿನ್. ಕೇಂಬುದ್ ಬೇಡ. ಇಪ್ಪಷ್ಟ್ ದಿನ ತಿನ್."

ವಿನಯಾ ಬೇಕೆಂದೇ ಕೆಲವೊಮ್ಮೆ ಎಲ್ಲರ ಎದುರು "ಅತ್ಗೀ, ಆ ಚೀಟಿ..." ಎಂದು ಶುರುಮಾಡಿ, ಕಮಲಳ ಮುಖ ಬಿಳಿಚಿದ ಮೇಲೆ "ರೇಷನ್ ಚೀಟಿ ಎಲ್ಲಿ ಇಟ್ರಿ?" ಎಂದು ಮುಗಿಸುತ್ತಿದ್ದಳು. ಇದು ಒಳ್ಳೆಯವರು ಮಾಡುವ ಕೆಲಸವಲ್ಲ. ಆದರೆ ಹದಿನಾರು ವರ್ಷ ಒಳ್ಳೆಯವಳಾಗಿದ್ದು ಅವಳಿಗೆ ಸಿಕ್ಕಿದ್ದು ಬಂಗಡೆಯ ಬಾಲ.

ಜುಲೈಯ ಒಂದು ಭಾನುವಾರ ಔತಣ. ದೋಣಿ ಕಡಲಿಗಿಳಿಯದ ದಿನಗಳು. ಪ್ರೇಮಾನಂದ ಹೊಳೆಯ ಕಾಣೆ ಮೀನಿಗಾಗಿ ಎರಡು ದಿನ ಅಲೆದಿದ್ದ. ಕೋಳಿ ಸುಕ್ಕ, ಕೊಟ್ಟೆ ಕಡುಬು, ಹುರಿದ ಕಾಣೆ. ನಿತೇಶ್, ಅವನ ಅಮ್ಮ, ನಿಖಿತಾ, ಪ್ರೇಮಾನಂದ, ರವಿರಾಜ್ ಎಲೆಗೆ ಕೂತರು. ವಿನಯಾ ಬಡಿಸಿದಳು. ಕಮಲ ಬೀಗಿತ್ತಿಯ ಪಕ್ಕ ನಿಂತು ಒತ್ತಾಯ ಮಾಡುತ್ತಿದ್ದಳು. ವಿನಯಾ ಕಾಣೆಯ ತಟ್ಟೆ ಹಿಡಿದು ಎದುರು ನಿಂತು ಅವಳನ್ನೇ ನೋಡಿದಳು. ಹೇಳುವ ಹೊತ್ತಾಯಿತು ಎಂದು ಕಮಲಳಿಗೆ ತಿಳಿಯಿತು.

"ಅಳಿಯಾ," ಎಂದಳು ಕಮಲ, ಬಾಯಿ ತುಂಬ ನಗುತ್ತ. "ಈ ನಮೂನಿ ವಾಚ್ ನಮ್ಮನಿಗೆ ಹೊಸ್ತಲ್ಲ, ಗೊತ್ತಿತ್ತಾ? ವಿನಯಾಳ ಅಪ್ಪಯ್ಯ ತೊಂಬತ್ತೇಳರಂಗೇ ತಂದ್ ನನ್ನ ತಮ್ಮಂಗೆ ಕಟ್ಟಿದ್ರ್. ನಾವೆಲ್ಲ ಬೆರಗಾಯಿ ಕಂಡಿದ್ದೇ ಕಂಡಿದ್ದ್. ಅಂಥಾ ಮನ್ಷ್ಯ ಅವ್ರ್! ‘ಜೋಪಾನ ಮಾಡ್ ತಮ್ಮಾ’ ಅಂದೆ ನಾನೇ. ಎಂತ ಮಾಡುದ್, ಮದಿ ಗೌಜಿಯಂಗೆ ಎಲ್ಲೋ ಬಿದ್ ಹೋಯ್ತ್. ನನ್ನ ತಪ್ಪೇ. ನಾನ್ ಸಮಾ ಕಾಣ್ಕಾಯಿತ್ತ್."

"ಹೌದಾ ಮಾಮಿ? ಆಗ್ಳೇ ತಂದಿದ್ರಾ? ಭಾರೀ ಮನ್ಷ್ಯ" ಎಂದ ನಿತೇಶ್, ವಿನಯಾಳ ಕಡೆ ತಿರುಗಿ. ಅವನ ಅಮ್ಮನೂ ತಲೆದೂಗಿದಳು.

ಅಪ್ಪನಿಗೆ ಹೊಗಳಿಕೆ ಸಿಕ್ಕಿತು, ಬೀಗರ ಎದುರೇ ಸಿಕ್ಕಿತು. ಸುಮ್ಮನಿದ್ದರೆ ಮುಗಿಯಿತು; ನಾಳೆಯೂ ಕಾಫಿಗೆ ಹಾಲು ಜಾಸ್ತಿ ಬೀಳುತ್ತದೆ. ಆದರೆ ವಿನಯಾಳ ಮೈಯೆಲ್ಲ ಬೆಂಕಿಯಾಯಿತು. ಕಮಲ ಅಪ್ಪನ ಅವಮಾನವನ್ನೂ ಕದ್ದಿದ್ದಳು. ಅದು ನಡೆದೇ ಇಲ್ಲ ಎಂದ ಮೇಲೆ, ಆ ಮುದುಕ ಒಂಬತ್ತು ವರ್ಷ ನುಂಗಿದ್ದು ಏನನ್ನು?

"ಸುಳ್ಳ್" ಎಂದಳು ವಿನಯಾ.

"ವಿನಯಾ, ಮೀನ್ ಬಡ್ಸ್. ತಣಿತ್ತ್" ಎಂದಳು ಕಮಲ.

"ತಣಿಲಿ. ಇವ್ರ್ ಅವತ್ತ್ ಹಾಲ್ ತುಂಬ ಜನ್ರ ಎದ್ರ್ ಆ ವಾಚ್ ಬಿಚ್ಚಿ ಬಿಸಾಕಿದ್ರ್. ಬಸ್ಸಿನವ್ರ್ ವಾಚ್ ಅಂದ್ರ್. ಆಡೂಕೆ ಮಗಿಗೆ ಕೊಟ್ರ್. ಎಂಜಲೆಲೆಯಂಗೆ ಹೋಯ್ತದ್. ನನ್ನ ಅಪ್ಪಯ್ಯ ಊರಂಗೆ ಎಂತ ಹೇಳ್ಕಂಡ್ ಬಂದ್ರ್ ಗೊತ್ತಿತ್ತಾ? ಅಳಿಯ ಕೈಯಿಂದ ತೆಗೂದೇ ಇಲ್ಲ ಅಂದ್ಕಂಡ್. ಇಲ್ದಿದ್ ವಾಚಿಗೆ ವರ್ಷಕ್ಕೊಂದ್ ಸೆಲ್ ತಕಂಡ್ರ್. ಸಾಯೂವರಿಗೂ. ಒಂಬತ್ತ್ ಸೆಲ್ ಟ್ರಂಕಂಗೆ ಸಿಕ್ಕಿತ್." ಅವಳು ಸೊಂಟದಿಂದ ಚೀಟಿ ತೆಗೆದು ಬೀಗಿತ್ತಿಯ ಎಲೆಯ ಪಕ್ಕ ಇಟ್ಟಳು. "ನಿಮ್ಮ ಮಗನ ಕೈಯಂಗಿಪ್ಪುದೂ ಅದೇ ಅಂಗ್ಡಿದ್. ಇಪ್ಪತ್ತ್ ಸಾವ್ರ ಅಲ್ಲ. ನಾನೂರೈವತ್ತ್."

ಯಾರೂ ಉಣ್ಣಲಿಲ್ಲ. ಕಮಲ ತಮ್ಮನ ಕಡೆ ನೋಡಿದಳು. "ರವೀ, ನಿನ್ನ ಹೆಂಡ್ತಿಗೆ ಮರ್ಲಾ? ಹೇಳ್ ಮಾರಾಯ. ಹಾಂಗೆಂತಾರೂ ಆಯ್ತಾ ಅವತ್ತ್?"

ರವಿರಾಜ್ ಎಲೆಯನ್ನೇ ನೋಡುತ್ತಿದ್ದ. ಸೆಲ್ಲಿನ ಮಾತು ಅವನು ಕೇಳಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂದದ್ದು ಎಲ್ಲರಿಗೂ ಕಂಡಿತು.

"ಅವ್ಳ್ ಹೇಳಿದ್ದ್ ಸಮ ಅಕ್ಕ" ಎಂದ. "ನೀ ಬಿಚ್ಚಿದ್ದೆ. ಕೈ ಚಾಚಿದ್ದ್ ನಾನ್. ಹಿಂದ್ ಎಳ್ಕಂಬುಕಾತಿತ್. ಎಳ್ಕಂಡಿಲ್ಲ."

ಗಂಡ ಅಳುತ್ತಿದ್ದಾನೆ ಎಂದು ವಿನಯಾಳ ಮನಸ್ಸು ಕರಗಲಿಲ್ಲ. "ಹೌದ್" ಎಂದಳು. "ಇಷ್ಟ್ ಹೇಳೂಕೆ ಹದ್ನಾರ್ ವರ್ಷ ಬೇಕಾಯ್ತ್ ನಿಮ್ಗೆ. ಅಪ್ಪಯ್ಯ ಬದ್ಕಿಪ್ಪತಿಗೆ ಹೇಳಿದ್ರೆ ಒಂದ್ ಸೆಲ್ಲಾರೂ ಕಮ್ಮಿ ತಕಂತಿದ್ರ್."

ನಿತೇಶ್ ವಾಚು ಕಟ್ಟಿದ ಎಡಗೈಯನ್ನು ಎತ್ತಲೂ ಇಳಿಸಲೂ ತೋಚದೆ ಕೇಳಿದ. "ಮಾಮಿ, ಇದನ್ನ ಎಂತ ಮಾಡುದ್? ತೆಗೂದಾ?"

"ಬೇಡ. ಕಟ್ಕಣಿ. ರೇಟ್ ಕೇಂಡವ್ರಿಗೆ ನಾನೂರೈವತ್ತ್ ಅಂದ್ಕಂಡೇ ಹೇಳಿ."

ಬೀಗಿತ್ತಿ ಚೀಟಿಯನ್ನು ಓದಿ, ಮಡಚಿ, ಕಮಲಳ ಮುಖ ನೋಡಿದಳು. ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ವಿನಯಾ ಕಾಣೆಯ ತಟ್ಟೆಯನ್ನು ಕಮಲಳ ಕೈಗೆ ಕೊಟ್ಟಳು. ಒಳಗಿನಿಂದ ಒಂದು ಬಾಳೆಲೆ ತಂದು, ನೀರು ಚಿಮುಕಿಸಿ, ಬೀಗಿತ್ತಿಯ ಎದುರಿನ ಸಾಲಿನಲ್ಲಿ ಹಾಸಿದಳು. ರಮಿತಾಳನ್ನೂ ಕರೆದು ಪಕ್ಕದಲ್ಲಿ ಕೂರಿಸಿದಳು. ಕಾಲು ಮಡಚಿ ಕೂತು ತಲೆಯೆತ್ತಿದಳು.

"ಅತ್ಗೀ, ಬಡ್ಸಿ."

ಅಳಿಯ ನೋಡುತ್ತಿದ್ದ, ಬೀಗಿತ್ತಿ ನೋಡುತ್ತಿದ್ದಳು, ಹೆತ್ತ ಮಗಳು ನೋಡುತ್ತಿದ್ದಳು. ಕಮಲ ಬಗ್ಗಿದಳು. ಅನ್ನ ಬಡಿಸಿದಳು, ಸುಕ್ಕ ಬಡಿಸಿದಳು. ಕಾಣೆಯ ಬಾಲದ ತುಂಡೊಂದನ್ನು ಎಲೆಯ ತುದಿಗೆ ಹಾಕಿ ಮುಂದೆ ಹೋಗಲು ಹೊರಟಳು.

"ಅದಲ್ಲ," ಎಂದಳು ವಿನಯಾ, "ನಡುವಿಂದ್ ಹಾಕಿ."

ಕಮಲ ಹಾಕಿದಳು.